ಶಂಕರಲಿಂಗನ ಅಂಬಲಿ ಸಿದ್ಧಾಂತ

ಮಹಾರುದ್ರಪ್ಪ ಸೋಮವಾರ ಬೆಳಿಗ್ಗೆ ತೀರಿಕೊಂಡ. ಚಹಾಕ್ಕೆಂದು ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ಭಾಗಮ್ಮ ಕಪ್ಪುಬಸಿ ಹಿಡಿದು ಹೊರಗೆ ಬರುವಷ್ಟರಲ್ಲಿ ಗೋಡೆಗೆ ಒರಗಿದ್ದ. ಉಸಿರು ನಿಂತಿತ್ತು. ಮಧ್ಯಾಹ್ನ ಮೋರಖಂಡಿಯ ಜನವೆಲ್ಲ ಸೇರಿ ಅವನದೇ ಹೊಲದಲ್ಲಿ ಮಣ್ಣು ಮಾಡಿದರು.

ಊರೆಲ್ಲ ಅತ್ತಿತು. ಎದುರುಮನೆಯ ಶಂಕರಲಿಂಗನಿಗೆ ಮಾತ್ರ ಸಿಟ್ಟು ಬಂದಿತ್ತು. ಸಣ್ಣಂದಿನಿಂದ ಒಂದೇ ತಾಟಿನಲ್ಲಿ ಉಂಡ ಗೆಳೆಯರು. ಭಾನುವಾರ ಸಂಜೆಯಷ್ಟೇ ಚಹಾದಂಗಡಿಯಲ್ಲಿ ಹೆಂಚು ಹಾರುವಂತೆ ಜಗಳವಾಡಿದ್ದರು. "ಇನ್ನ ನಿನ್ನ ಮಾರಿ ನೋಡಂಗಿಲ್ಲ" ಎಂದು ಶಂಕರಲಿಂಗ ಎದ್ದು ಬಂದಿದ್ದ. ಬಂದವನು ಮರುದಿನಕ್ಕೆಂದು ಒಂದು ಭಾರೀ ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಿದ್ದ. ಅದನ್ನು ಕೇಳದೆ ಮನುಷ್ಯ ಹೋಗಿಬಿಡುವುದೇ? ಇದೆಂಥ ನ್ಯಾಯ? (ಬದುಕಿದ್ದಾಗಲೂ ಇದೇ ಚಾಳಿ. ತನ್ನ ಮಾತು ಮುಗಿದ ಕೂಡಲೇ ಟವೆಲ್ ಕೊಡವಿ ಎದ್ದುಬಿಡುತ್ತಿದ್ದ.)

ಜಗಳ ಮೇವಿನದು. ಹುಮನಾಬಾದಿಗೆ ಹೋಗಿ ಹೈನುಗಾರರ ತರಬೇತಿ ಮುಗಿಸಿ ಬಂದಾಗಿನಿಂದ ಮಹಾರುದ್ರಪ್ಪನಿಗೆ ಮುರಘಾಸದ ಹುಚ್ಚು ಹಿಡಿದಿತ್ತು. ತೆನೆ ಹಾಲುಗಾಳಾದಾಗ ಹಸಿ ಮೆಕ್ಕೆಜೋಳವನ್ನು ದಂಟುಸಹಿತ ಸಣ್ಣಗೆ ಕತ್ತರಿಸಬೇಕು. ಗುಂಡಿಯಲ್ಲಿ ಪದರು ಪದರಾಗಿ ಹರವಿ ತುಳಿಯಬೇಕು. ಗಾಳಿಯಾಡದಂತೆ ತಾಡಪತ್ರಿ ಮುಚ್ಚಿ ಮಣ್ಣು ಹೇರಬೇಕು. ಒಂದೂವರೆ ತಿಂಗಳು ಬಿಟ್ಟು ತೆಗೆದರೆ ಹುಳಿವಾಸನೆಯ ಹಸಿಮೇವು, ಬೇಸಿಗೆಯಲ್ಲೂ! ಇದನ್ನು ಆತ ಮದುವೆಮನೆಯಲ್ಲಿ ಹೇಳಿದ, ಬಸವಕಲ್ಯಾಣದ ಬಸ್ಸಿನಲ್ಲಿ ಹೇಳಿದ, ಪ್ರವಚನದ ನಡುವೆ ಪಕ್ಕದವರ ಕಿವಿಯಲ್ಲಿ ಹೇಳಿದ.

"ದನಕ್ಕ ಉಪ್ಪಿನಕಾಯಿ ಹಾಕೂದು ನಮ್ಮ ವಂಶದಾಗ ಇಲ್ಲ," ಎಂದು ಶಂಕರಲಿಂಗ ಘೋಷಿಸಿದ. "ನನ್ನ ಚಂದ್ರಿ ಜ್ವಾಳದ ಒಣ ಕಣಿಕಿ ತಿಂತಾಳ. ಕಣಿಕೀನೇ ತಿಂತಾಳ."

ಚಂದ್ರಿ ಅವನ ದೇವಣಿ ತಳಿಯ ಆಕಳು. ಈ ಬೇಸಿಗೆಯಲ್ಲಿ ಊರಿನ ದನಗಳೆಲ್ಲ ಹಾಲು ಕಡಿಮೆ ಮಾಡಿದರೂ ಆಕೆ ಮಾತ್ರ ತಂಬಿಗೆ ತುಂಬಿ ಚೆಲ್ಲುತ್ತಿದ್ದಳು. ಬಾಯಿಯ ಹತ್ತಿರ ಹೋದರೆ ಹುಳಿವಾಸನೆ. ಇದೇನೆಂದು ಕೇಳಿದ್ದಕ್ಕೆ ಹೆಂಡತಿ ಭುವನೇಶ್ವರಿ ರೊಟ್ಟಿ ಬಡಿಯುತ್ತಲೇ, "ಉಳಿದ ಅಂಬಲಿ ಕುಡಿಸೀನ್ರಿ," ಎಂದಿದ್ದಳು.

ಅಷ್ಟು ಸಾಕಾಯಿತು. ಶಂಕರಲಿಂಗನ ತಲೆಯಲ್ಲಿ ಅಂಬಲಿ ಸಿದ್ಧಾಂತ ಅವತರಿಸಿತು. ಹಾಲಿನ ಡೇರಿಯ ಮುಂದೆ ನಿಂತು ಉಪನ್ಯಾಸ ಕೊಟ್ಟ. ಅದನ್ನು ನಂಬಿದ, ಮಹಾರುದ್ರಪ್ಪನ ಪಕ್ಕದ ಮನೆಯ ತುಳಜಾರಾಮ ತನ್ನ ಎಮ್ಮೆಗೆ ಬಕೆಟ್ಟುಗಟ್ಟಲೆ ಅಂಬಲಿ ಕುಡಿಸಿದ. ಎಮ್ಮೆಯ ಹೊಟ್ಟೆ ನಗಾರಿಯಾಯಿತು. ಮಹಾರುದ್ರಪ್ಪ ಓಡಿಹೋಗಿ ದನದ ಡಾಕ್ಟರನ್ನು ಕರೆತಂದದ್ದಕ್ಕೆ ಅದು ಉಳಿಯಿತು. ಭಾನುವಾರದ ಜಗಳ ಹುಟ್ಟಿದ್ದು ಅಲ್ಲಿಂದ.

"ಮಂದಿ ಎಮ್ಮಿ ಕೊಲ್ಲಾಕತ್ತೀಯಲ್ಲೋ ಶಂಕ್ರ್ಯಾ!"

"ಹಂಗಾದ್ರ ನನ್ನ ಚಂದ್ರಿಗಿ ಹ್ಯಾಂಗ ಪಚನ ಆಗ್ತದ? ಹೇಳೋ ಮತ್ತ!"

ಮಹಾರುದ್ರಪ್ಪ ಬಾಯಿ ತೆರೆದ, ಮುಚ್ಚಿದ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿ ಕಟ್ಟಿತೆಂದು ಶಂಕರಲಿಂಗ ಬೀಗಿದ. ಆದರೆ ಮಹಾರುದ್ರಪ್ಪ ನಕ್ಕುಬಿಟ್ಟ. ಮುಖ ನೋಡುವುದಿಲ್ಲವೆಂಬ ಭೀಷ್ಮಪ್ರತಿಜ್ಞೆ ಆ ನಗುವಿನ ಫಲ.

ಮಣ್ಣು ಕೊಡುವಾಗಲೂ ಸಿಟ್ಟು ಇಳಿದಿರಲಿಲ್ಲ. ಜನ ಗುಂಡಿಗೆ ಮಣ್ಣೆಳೆಯುತ್ತಿದ್ದರೆ, 'ಮೂಲಿ ಚೊಲೋ ತುಳೀರಿ, ಗಾಳಿ ಉಳೀಬಾರ್ದು' ಎಂದು ಸತ್ತವನೇ ಕಿವಿಯಲ್ಲಿ ಹೇಳಿದಂತಾಗಿ, "ಸುಮ್ನಿರಲಾ!" ಎಂದು ಗದರಿದ. ಪಕ್ಕದಲ್ಲಿ ಅಳುತ್ತಿದ್ದ ತುಳಜಾರಾಮ ತನಗೇ ಅಂದದ್ದೆಂದು ಬಗೆದು ಅಳು ನುಂಗಿದ.

ಮಂಗಳವಾರ ಚಂದ್ರಿ ಕಣಿಕೆ ಮೂಸಿ ಮುಖ ತಿರುಗಿಸಿದಳು. ಬುಧವಾರ ಹಾಲು ಅರ್ಧಕ್ಕಿಳಿಯಿತು. ಬಾಗಿಲ ಕಡೆ ಕತ್ತು ಚಾಚಿ ಒದರುವುದೇ ಕೆಲಸ.

"ಮೂಕ ಜನಾವರಕ್ಕೂ ತಿಳೀತದರಿ," ಎಂದ ತುಳಜಾರಾಮ. "ರುದ್ರಪ್ಪಣ್ಣನ ನೆನಸಾಕತ್ತದ."

"ನನ್ನ ಆಕಳ, ನನ್ನ ಕಣಿಕಿ! ಅವನ್ನ ಯಾಕ ನೆನಸ್ತದ?"

(ನಾನೇ ಇನ್ನೂ ಅತ್ತಿಲ್ಲ, ಇದಕ್ಕೇನು ಅವಸರ ಎಂಬುದು ಒಳಗಿನ ಮಾತು.)

ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ ಸುಟ್ಟ. ಆಕಳು ಸುಮ್ಮನಿತ್ತು, ತಾನೇ ಕೆಮ್ಮಿದ. ಕೊನೆಗೆ ಸಿದ್ಧಾಂತಕ್ಕೆ ಶರಣಾಗಿ ಅಂಬಲಿಯ ಬಕೆಟ್ ಮುಂದಿಟ್ಟ. ಚಂದ್ರಿ ಒಮ್ಮೆ ಮೂಸಿ ಕೋಡಿನಿಂದ ಎತ್ತಿ ಒಗೆದಳು. ಸಿದ್ಧಾಂತವೆಲ್ಲ ಧೋತರದ ಮೇಲಾಯಿತು.

"ಏ, ಅಂಬಲಿ ಹ್ಯಾಂಗ ಮಾಡೀದಿ? ಹದಾ ತಪ್ಪೇದ ನಿಂದು!" ಹೆಂಡತಿಯ ಮೇಲೆ ಹರಿಹಾಯ್ದ.

"ನನ್ನ ಮ್ಯಾಗ ಯಾಕ ಒದರಾಕತ್ತೀರಿ? ನಾ ಅದಕ್ಕ ಒಂದು ದಿನಾನೂ ಅಂಬಲಿ ಕುಡಿಸಿಲ್ಲ."

"ಏನಂದಿ?"

ಭುವನೇಶ್ವರಿ ಸೆರಗು ಬಿಗಿದು ಎದುರುಮನೆಗೆ ನಡೆದಳು. ಶಂಕರಲಿಂಗ ಒದ್ದೆ ಧೋತರದಲ್ಲೇ ಬೆನ್ನು ಹತ್ತಿದ. ಕಟ್ಟೆಯ ಮೇಲಿದ್ದ ಭಾಗಮ್ಮ ಅವನ ಅವತಾರ ನೋಡಿದಳು. ಮೂರು ದಿನದ ನಂತರ ಆ ಮುಖದಲ್ಲಿ ಒಂದಿಷ್ಟು ನಗೆ ಸುಳಿಯಿತು.

"ಕೂಡ್ರಿ ಶಂಕ್ರಣ್ಣ. ದಿನಾ ನೀವು ಹೊಲಕ್ಕ ಹೋದಮ್ಯಾಲ ಅವ್ರು ಒಂದು ಬುಟ್ಟಿ ಮುರಘಾಸ ಒಯ್ದು ನಿಮ್ಮ ಗ್ವಾದಲ್ಯಾಗ ಹಾಕ್ತಿದ್ರು. ಮೊದಲ ಒಂದೊಂದೇ ಬೊಗಸಿ, ರೂಢಿ ಆಗ್ಲಿ ಅಂತ. ಆಮ್ಯಾಲ ಬುಟ್ಟಿಗಟ್ಟಲೆ. ಮ್ಯಾಲ ನಿಮ್ಮ ಕಣಿಕಿ ಹರವಿ ಮುಚ್ಚಿ ಬರ್ತಿದ್ರು."

"ನನಗ್ಯಾಕ ಹೇಳಲಿಲ್ಲ ವೈನಿ?"

"ಹೇಳಿದ್ರ ಚಂದ್ರಿ ತಿಂತಿತ್ತು. ನೀವು ತಿನ್ನಾಕ ಬಿಡ್ತಿರ್ಲಿಲ್ಲ."

"ಯಾರ್ಯಾರಿಗಿ ಗೊತ್ತದ ಇದು?"

"ನಮ್ಮಿಬ್ಬರಿಗೇ," ಎಂದಳು ಭುವನೇಶ್ವರಿ.

ಗೋಡೆಯಾಚೆ ತುಳಜಾರಾಮ ಕೆಮ್ಮಿದ. "ಎಮ್ಮಿ ಉಬ್ಬಿದ ದಿನ ರುದ್ರಪ್ಪಣ್ಣ ನನಗೂ ಹೇಳಿದ್ರರಿ. ಆಕಳ ಬುಟ್ಟಿ ನೆನಸಾಕತ್ತದ ಅಂತ ನಿಮಗ ಹ್ಯಾಂಗ ಹೇಳ್ಲಿ?"

ಸಿಟ್ಟು ನೆತ್ತಿಗೇರಿತು. ಕಳ್ಳ! ಇವನ ಕೊಟ್ಟಿಗೆಯಲ್ಲಿ, ಇವನ ಆಕಳನ್ನು, ಇವನ ಹೆಂಡತಿಯನ್ನೇ ಸೇರಿಸಿಕೊಂಡು ಸಾಕಿದ ಕಳ್ಳ! ಚಹಾದಂಗಡಿಯಲ್ಲಿ ಬಾಯಿ ತೆರೆದವನು ಮುಚ್ಚಿದ್ದು ಯಾಕೆಂದು ಈಗ ತಿಳಿಯಿತು. ಬೈಯಲೆಂದು ಶಂಕರಲಿಂಗ ಎದ್ದು ನಿಂತ. ಕಟ್ಟೆಯ ಮೇಲೆ ಬೈಸಿಕೊಳ್ಳುವವನು ಇರಲಿಲ್ಲ.

"ಜಗಳ ಆದಮ್ಯಾಲ ಬಂದಿರಲಿಕ್ಕಿಲ್ಲ," ಎಂದ ಮೆಲ್ಲಗೆ.

"ಸೋಮವಾರ ನಾನೂ ಬ್ಯಾಡ ಬಿಡ್ರಿ ಅಂದೆ," ಎಂದಳು ಭಾಗಮ್ಮ. "'ಮಾರಿ ನೋಡಂಗಿಲ್ಲ ಅಂದಾನ. ಗ್ವಾದಲಿಗಿ ಬರಬ್ಯಾಡ ಅಂದಿಲ್ಲ' ಅಂದ್ರು."

ಶಂಕರಲಿಂಗ ಬುಟ್ಟಿ ಎತ್ತಿಕೊಂಡು ಹಿತ್ತಲಿನ ಮುರಘಾಸದ ಗುಂಡಿಗೆ ಹೋದ. "ಬೂಸ್ಟು ಹಿಡಿದದ್ದು ತೆಗೆದು ಒಗೀರಿ, ತಿರುಗಿ ತಾಡಪತ್ರಿ ಬಿಗೀರಿ!" ಎಂದು ಭಾಗಮ್ಮ ಕೂಗುತ್ತಿದ್ದಳು, ಗಂಡನದೇ ಧಾಟಿ. ಹಾಡುಹಗಲೇ, ಊರಿನ ಕಣ್ಣೆದುರೇ, ಅಂಬಲಿಯ ಪ್ರವಾದಿ ಮುರಘಾಸದ ಬುಟ್ಟಿ ಹೊತ್ತು ಓಣಿ ದಾಟಿದ. ಚಂದ್ರಿ ಬುಟ್ಟಿ ಇಳಿಸುವುದಕ್ಕೂ ಬಿಡದೆ ಮೂತಿ ಹಾಕಿದಳು.

ಆಗ ಕಂಬಕ್ಕೆ ಒರಗಿ ನಿಂತ ಭುವನೇಶ್ವರಿ ಸೋಮವಾರದ್ದನ್ನು ಹೇಳಿದಳು. ಮಹಾರುದ್ರಪ್ಪ ಬುಟ್ಟಿ ಬರಿದು ಮಾಡಿ ಮೇಲೆ ಕಣಿಕೆ ಹರವಿದ್ದ. ಯಾಕೋ ಗೋಡೆ ಹಿಡಿದು ಒಂದು ಗಳಿಗೆ ನಿಂತಿದ್ದ. ಚಹಾ ಕೊಡಲೇ ಎಂದರೆ, ಮನೆಯಲ್ಲಿ ಭಾಗಮ್ಮ ಇಟ್ಟಿದ್ದಾಳೆಂದ. ಬಾಗಿಲವರೆಗೆ ಹೋದವನಿಗೆ ಅಂಗಳದ ಹಾಸುಗಲ್ಲಿನ ಮೇಲೆ ಉದುರಿದ ಮುರಘಾಸದ ಚೂರುಗಳು ಕಂಡವು. ತಿರುಗಿ ಬಂದ. ಶಂಕರಲಿಂಗನಿಗೆ ಕಾಣಬಾರದೆಂದು ಕುಕ್ಕರಗಾಲಿನಲ್ಲಿ ಕೂತು ಒಂದೂ ಬಿಡದಂತೆ ಟವೆಲಿನಲ್ಲಿ ಬಳಿದುಕೊಂಡ. ಆಮೇಲೆ ಓಣಿಯಲ್ಲಿ ಆ ಟವೆಲ್ ಕೊಡವಿ, ಹೆಗಲಿಗೆ ಹಾಕಿಕೊಂಡು, ಎದುರಿನ ಕಟ್ಟೆಗೆ ಹೋಗಿ ಕೂತ.