ಎಂಟೇ ಎಂಟು ಬಕೆಟ್

ಮೊಮ್ಮಗಳಿಗೆಂದು ತರಿಸಿದ ರಬ್ಬರ್ ಈಜುತೊಟ್ಟಿಯ ಡಬ್ಬದ ಮೇಲೆ ‘೧.೨ ಘನ ಮೀಟರ್ ನೀರು’ ಎಂದು ಅಚ್ಚಾಗಿತ್ತು. ಟೈಲರಪ್ಪನವರು ಅದನ್ನು ಓದಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನೂ ಮುಟ್ಟದೆ ಲೆಕ್ಕ ಮುಗಿಸಿದರು.

"ಮೀಟರಿಗೆ ನೂರು ಸೆಂಟಿಮೀಟರ್. ಹಾಗಾದ್ರೆ ಘನ ಮೀಟರಿಗೆ ನೂರು ಲೀಟರ್. ಒಟ್ಟು ನೂರಿಪ್ಪತ್ತು. ನಮ್ಮ ಬಕೆಟ್ ಹದಿನೈದು ಲೀಟರಿಂದು. ಎಂಟೇ ಎಂಟು ಬಕೆಟ್ ಕಣೇ."

"ಪಕ್ಕದ ಮನೆಯಿಂದ ಪೈಪ್ ಇಸ್ಕೊಂಡು ಬರ್ಲಾ?" ಎಂದರು ಹೆಂಡತಿ.

"ಎಂಟು ಬಕೆಟ್ಟಿಗೆ ಪೈಪಾ? ನಲವತ್ತು ವರ್ಷದಿಂದ ಊರವರ ಸೊಂಟ ಅಳೀತಿರೋನಿಗೆ ಅಳತೆ ಪಾಠ ಹೇಳ್ಬೇಡ."

ನಾಲ್ಕು ವರ್ಷದ ಮೊಮ್ಮಗಳು ಸಂಜೆ ನಾಲ್ಕಕ್ಕೆ ಬರುವವಳಿದ್ದಳು. ಅಷ್ಟರೊಳಗೆ ತೊಟ್ಟಿ ತುಂಬಿರುತ್ತದೆಂದು ತಾತ ಫೋನಿನಲ್ಲಿ ಮಾತು ಕೊಟ್ಟಾಗಿತ್ತು. ಆ ಮಗುವಿಗೆ ಮಾತು ತಪ್ಪುವುದಕ್ಕಿಂತ ಗಿರಾಕಿಯ ಕೋಟಿಗೆ ಮೂರು ತೋಳು ಹೊಲಿಯುವುದೇ ಅವರಿಗೆ ವಾಸಿ.

ಮಹಡಿಯ ಬಾಲ್ಕನಿಯಲ್ಲಿದ್ದ ತೊಟ್ಟಿಗೆ ಎಂಟು ಬಕೆಟ್ ಬಿತ್ತು. ನೀರು ಪಾದವನ್ನಷ್ಟೇ ಮುಳುಗಿಸಿತು. ಎದುರುಮನೆಯ ನಿವೃತ್ತ ಕಂಡಕ್ಟರು ಇದನ್ನು ಕಂಡವರೇ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು.

"ಎಲ್ಲೋ ತೂತಾಗಿದೆ ಟೈಲರಪ್ಪ."

ಇಬ್ಬರೂ ಅಂಬೆಗಾಲಿಟ್ಟು ತೊಟ್ಟಿಯನ್ನು ಸುತ್ತಿದರು. ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕಿದರು. ತೂತು ಸಿಗದಿದ್ದರೂ ಇರಲಿ ಎಂದು ಕಂಡಕ್ಟರು ಮೂರು ಕಡೆ ಸೈಕಲ್ ಪಂಕ್ಚರ್ ತೇಪೆ ಅಂಟಿಸಿದರು.

ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಟೀಚರಮ್ಮನಿಗೆ ತಡೆಯಲಾಗಲಿಲ್ಲ. "ತೂತು ಇರೋದು ನಿಮ್ಮ ಲೆಕ್ಕದಲ್ಲಿ. ಉದ್ದಕ್ಕೆ ನೂರು, ಅಗಲಕ್ಕೆ ನೂರು, ಎತ್ತರಕ್ಕೆ ನೂರು. ಮೂರನ್ನೂ ಗುಣಿಸಿದ್ರೆ ಹತ್ತು ಲಕ್ಷ ಘನ ಸೆಂಟಿಮೀಟರ್. ಅದ್ರಲ್ಲಿ ಸಾವಿರಕ್ಕೊಂದು ಲೀಟರ್. ಅಂದ್ರೆ ಘನ ಮೀಟರಿಗೆ ಸಾವಿರ ಲೀಟರ್. ನಿಮಗೆ ಬೇಕಾಗಿರೋದು ಎಂಬತ್ತು ಬಕೆಟ್."

ಟೈಲರಪ್ಪನವರು ತೊಟ್ಟಿಯ ಅಂಚಿನ ಮೇಲೆ ಕುಸಿದರು.

"ಪೈಪ್?" ಎಂದರು ಹೆಂಡತಿ.

"ಬೇಡ."

ಹೊತ್ತರು. ಬಚ್ಚಲಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಚ್ಚಲಿಗೆ. ಕಂಡಕ್ಟರು ಕುರ್ಚಿಯಲ್ಲಿ ಕೂತು ಪ್ರತಿ ಬಕೆಟ್ಟಿಗೂ "ರೈಟ್" ಎಂದು ಎಣಿಸಿದರು. ಐವತ್ತಕ್ಕೆ ಸೊಂಟ ಹಿಡಿಯಿತು, ಅರವತ್ತಕ್ಕೆ ಸೊಂಟ ಇದೆಯೆಂಬುದೇ ಮರೆತುಹೋಯಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಎಂಬತ್ತನೆಯದು ಬಿತ್ತು. ತುಳುಕುವ ತೊಟ್ಟಿಯನ್ನು ನೋಡಿ ಅವರಿಗೆ ಕುಣಿಯುವಷ್ಟು ಸಂತೋಷವಾಯಿತು, ಕುಣಿಯಲು ಕಾಲು ಒಪ್ಪಲಿಲ್ಲ.

ಮೊಮ್ಮಗಳು ಮೆಟ್ಟಿಲೇರಿ ಬಂದಳು. ಅವಳ ಹಿಂದೆಯೇ ಕೆಳಮನೆಯ ಗಾರೆ ಮೇಸ್ತ್ರಿ ಬಂದರು, ತಲೆತುಂಬ ಸುಣ್ಣದ ಪುಡಿ.

"ನಮ್ಮ ಸೂರು ಉದುರ್ತಿದೆ. ಇದೆಷ್ಟು ಲೀಟರು?"

"ಸಾವಿರದ ಇನ್ನೂರು," ಎಂದರು ಟೈಲರಪ್ಪ, ಹುಟ್ಟಿದಾಗಿನಿಂದ ಗೊತ್ತಿದ್ದವರ ಹಾಗೆ.

"ಲೀಟರಿಗೊಂದು ಕೆಜಿ. ನನ್ನ ತಲೆ ಮೇಲೆ ಸಾವಿರದ ಇನ್ನೂರು ಕೆಜಿ ಇಟ್ಟಿದ್ದೀರಲ್ರೀ. ಮೊದ್ಲು ಖಾಲಿ ಮಾಡಿ. ಬಿರಡೆ ಕೀಳ್ಬೇಡಿ, ನೀರೆಲ್ಲ ಮೆಟ್ಟಿಲಿಳಿದು ನಮ್ಮನೆಗೇ ಬರುತ್ತೆ. ಬಕೆಟ್ಟಲ್ಲೇ ತೆಗೀರಿ."

ಮಗುವಿನ ತುಟಿ ಅದುರಿತು. ಮೇಸ್ತ್ರಿ ಅದನ್ನು ನೋಡಿ ಮೆತ್ತಗಾದರು. "ಹೋಗ್ಲಿ, ಪುಟ್ಟಿ ಆಡೋಕೆ ನೂರಿಪ್ಪತ್ತು ಲೀಟರ್ ಇರ್ಲಿ. ಅದಕ್ಕಿಂತ ಒಂದು ಚೊಂಬೂ ಜಾಸ್ತಿ ಬೇಡ."

"ನನ್ನ ಪಾದ ಮುಳುಗಿದ್ರೆ ಸಾಕು ತಾತ," ಎಂದು ಮಗು ಚಪ್ಪಾಳೆ ತಟ್ಟಿತು.

ಟೈಲರಪ್ಪನವರ ಮುಖ ಊರಗಲವಾಯಿತು. "ಕೇಳಿದ್ಯೇನೇ? ನೂರಿಪ್ಪತ್ತು ಲೀಟರ್. ಎಂಟೇ ಎಂಟು ಬಕೆಟ್. ಬೆಳಿಗ್ಗೇನೇ ಹೇಳಿರ್ಲಿಲ್ವಾ ನಾನು?"

"ಹೇಳಿದ್ರಿ," ಎಂದು ಹೆಂಡತಿ ಅವರ ಕೈಗೆ ಬಕೆಟ್ ಕೊಟ್ಟರು. "ಉಳಿದ ಎಪ್ಪತ್ತೆರಡು ತೆಗೀರಿ."