ಭಾವನ ಕಾರಿಗೆ ಒಂದು ಮುಚ್ಚಳ ಟಾನಿಕ್ಕು

ನಮ್ಮ ಭಾವ ನಮ್ಮಕ್ಕನಿಗಿಂತ ಹೆಚ್ಚಾಗಿ ಪ್ರೀತಿಸುವುದು ಪೆಟ್ರೋಲನ್ನು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಚಾಮರಾಜನಗರದ ಯಾವ ಬಂಕಿಗೆ ಬೇಕಾದರೂ ಹೋಗಿ ಕೇಳಿ. ಭಾವನ ಕೆಂಪು ಕಾರು ಒಳಗೆ ಬಂತೆಂದರೆ ಅಲ್ಲಿಯವರು ಪೈಪು ನೇತುಹಾಕಿ ಟೀಗೆ ಹೊರಟುಬಿಡುತ್ತಾರೆ. ಇವರ ಪೂಜೆ ಮುಗಿಯುವುದಕ್ಕೆ ಹೊತ್ತು ಹಿಡಿಯುತ್ತದೆಂದು ಅವರಿಗೆ ಗೊತ್ತು.

ಭಾವ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಸಾರಿಗೆ ಉಪ್ಪು ಹಾಕದಿದ್ದರೂ ಸುಮ್ಮನೆ ಉಂಡು ಏಳುವ ಮನುಷ್ಯ. ಇಂಥವರು ಇದ್ದಕ್ಕಿದ್ದಂತೆ ಯಾರೋ ಶ್ರೀಮಂತರು ಓಡಿಸಿ ಸಾಕಾಗಿ ಮಾರಿದ ಟರ್ಬೊ ಕಾರೊಂದನ್ನು ಮನೆಗೆ ತಂದರು. ಆ ಕಾರು ಎಷ್ಟು ತಗ್ಗು ಅಂತೀರಿ? ಅದನ್ನು ಹತ್ತುವುದಲ್ಲ, ಅದರೊಳಕ್ಕೆ ಇಳಿಯಬೇಕು! ಅದರ ಎಂಜಿನ್ನಿಗೆ ಆಕ್ಟೇನ್ ಹೆಚ್ಚಿರುವ ಪೆಟ್ರೋಲೇ ಆಗಬೇಕಂತೆ. ಸಾದಾ ಪೆಟ್ರೋಲು ಕುಡಿಸಿದರೆ ಏರಿನಲ್ಲಿ ಕಟಕಟ ಹಲ್ಲು ಕಡಿಯುತ್ತದಂತೆ. ನಮ್ಮ ಕಡೆ ಅಂಥ ಪೆಟ್ರೋಲು ಸಿಗಬೇಕಲ್ಲ? ಅದಕ್ಕೇ ಆಕ್ಟೇನ್ ಬೂಸ್ಟರ್ ಎಂಬ ಪುಟ್ಟ ಬಾಟಲಿ ಬಂತು. ನಮ್ಮ ಮನೆಯಲ್ಲಿ ಅದರ ಹೆಸರು ಟಾನಿಕ್ಕು.

ಅಷ್ಟಕ್ಕೇ ನಿಂತಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ? ಟಾನಿಕ್ಕು ಪೆಟ್ರೋಲಿನೊಂದಿಗೆ ಚೆನ್ನಾಗಿ ಬೆರೆಯಬೇಕು ಎಂದು ಯಾರೋ ಪುಣ್ಯಾತ್ಮರು ಭಾವನ ತಲೆಗೆ ತುಂಬಿದರು. ಶುರುವಾಯಿತು ನಮ್ಮ ಗ್ರಹಚಾರ! ಮುಚ್ಚಳದಲ್ಲಿ ಅಳೆದು ಟ್ಯಾಂಕಿಗೆ ಸುರಿದು, "ಎಲ್ಲಾ ಇಳೀರಿ" ಎನ್ನುವರು. ಇಳಿದವರು ಆ ಕಡೆ ಈ ಕಡೆ ನಿಂತು ಕಾರನ್ನು ತೊಟ್ಟಿಲಿನ ಹಾಗೆ ತೂಗಬೇಕು! ಮದುವೆಗೆ ಹೊರಟಾಗ ರೇಷ್ಮೆ ಸೀರೆಯುಟ್ಟ ನಮ್ಮ ದೊಡ್ಡಮ್ಮನನ್ನೂ ಬಿಡಲಿಲ್ಲ.

"ಜೋ ಜೋ ಅಂತ ಲಾಲಿನೂ ಹಾಡ್ಲೇನಪ್ಪ?" ಎಂದರು ದೊಡ್ಡಮ್ಮ.

"ಬ್ಯಾಡಿ ದೊಡ್ಡಮ್ಮ, ವಸಿ ಜೋರಾಗಿ ಅಲ್ಲಾಡ್ಸಿ ಸಾಕು" ಎಂದರು ಭಾವ. ಮುಖದಲ್ಲಿ ನಗುವೇ ಇಲ್ಲ!

ನಾನು ಅವತ್ತೇ ಖಡಾಖಂಡಿತವಾಗಿ ಹೇಳಿದೆ: "ಭಾವ, ಈ ಕಾರ್ನ ತೂಗೋ ನಾದ್ನಿ ನಾನಲ್ಲ. ಆಸೆ ಬುಟ್ಬುಡಿ."

ಆಮೇಲೆ ಬಂತು ಊಟಿ ಪ್ರವಾಸ. ಗುಂಡ್ಲುಪೇಟೆಯಲ್ಲಿ ಭಾವನಿಗೆ ಜ್ಞಾನೋದಯವಾಯಿತು. ಬೆಟ್ಟ ದೊಡ್ಡದು, ಆದ್ದರಿಂದ ಡೋಸೂ ದೊಡ್ಡದಿರಬೇಕು! ಬಾಟಲಿ ಮೇಲೆ ಬಾಟಲಿ ಬಗ್ಗಿಸಿದರು. ಬಂಡೀಪುರದ ಕಾಡಿನೊಳಗೆ, ಗಾಡಿ ನಿಲ್ಲಿಸಬಾರದು ಎಂದು ಬೋರ್ಡು ಹಾಕಿರುವ ಜಾಗದಲ್ಲೇ, ಕಾರು ಕೆಮ್ಮಿತು, ಸೀನಿತು, ನಿಂತೇಬಿಟ್ಟಿತು. ಪಕ್ಕದಲ್ಲೊಂದು ಆನೆ ಮರಿ ಕಟ್ಟಿಕೊಂಡು ಸೊಪ್ಪು ಮುರಿಯುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ಅಕ್ಕ ಗೊತ್ತಿದ್ದ ದೇವರನ್ನೆಲ್ಲ ಕರೆದಳು.

"ಎದ್ರುಕೊಬ್ಯಾಡ ಕಣೆ, ಟಾನಿಕ್ ವಸಿ ಜಾಸ್ತಿಯಾಯ್ತು, ಅಷ್ಟೇಯ" ಎಂದು ಭಾವ ಪಿಸುಗುಟ್ಟಿದರು.

ಹಿಂದೆ ಬಂದ ಲಾರಿಯವರು ಹಗ್ಗ ಕಟ್ಟಿ ನಮ್ಮನ್ನು ಗುಂಡ್ಲುಪೇಟೆಗೆ ಎಳೆದು ತಂದರು. ಗ್ಯಾರೇಜಿನಲ್ಲಿ ಎಂಜಿನ್ನಿನ ಪ್ಲಗ್ಗು ಬಿಚ್ಚಿ ನೋಡಿದರೆ ತುದಿಯೆಲ್ಲ ಕೆಂಪು! ಟಾನಿಕ್ಕು ಮಿತಿ ಮೀರಿದರೆ ಹಾಗೆ ಕೆಂಪು ಪುಡಿ ಕೂರುತ್ತದಂತೆ.

"ನಂಗೆ ಒಂದಿನಾನೂ ಕುಂಕುಮ ತಂದ್ಕೊಟ್ಟೋರಲ್ಲ, ಪ್ಲಗ್ಗಿಗೆ ಇಟ್ಟವ್ರೆ ನೋಡು!" ಎಂದು ಅಕ್ಕ ಎದ್ದಳು. "ಇನ್ಮ್ಯಾಕೆ ಈ ಕಾರಲ್ಲಿ ನಾನ್ ಕೂತ್ರೆ ಕೇಳು!"

ಹೋಗಿ ಬಸ್ಸು ಹತ್ತಿದಳು. ನಮ್ಮಕ್ಕ ಅಂದಳು ಎಂದರೆ ಅಂದಳು. ತಿಂಗಳುಗಟ್ಟಲೆ ಅವಳು ಆ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಭಾವನ ಮುಖ ಬಾಡಿ ಇಷ್ಟಾಯಿತು. ಒಳ್ಳೆ ಕಾರಿನಲ್ಲಿ ಊರೂರು ಸುತ್ತಬೇಕು ಎಂದು ಮದುವೆಯಾದ ಹೊಸದರಲ್ಲಿ ಅಕ್ಕ ಅಂದಿದ್ದಳಂತೆ. ಕಾರು ತಂದದ್ದೇ ಆ ಮಾತಿಗಾಗಿ. ಈಗ ಅವಳೇ ಕೂರದಿದ್ದರೆ?

ಒಂದು ಭಾನುವಾರ ಅಕ್ಕನೂ ನಾನೂ ಗುಂಡ್ಲುಪೇಟೆಯ ತವರಿಗೆ ಬಸ್ಸಿನಲ್ಲಿ ಹೊರಟೆವು. ಊರು ದಾಟಿದ ಮೇಲೆ ಕಂಡಕ್ಟರ್ ಹಿಂದಿನ ಗಾಜಿನಲ್ಲಿ ಇಣುಕಿ ಇಣುಕಿ ನೋಡತೊಡಗಿದರು.

"ಯಾರಪ್ಪಾ ಅದು, ಇವತ್ತೂ ಎಸ್ಕಾರ್ಟ್ ಬತ್ತಾವ್ನೆ? ಬಸ್ಸಲ್ಲಿ ಮಿನಿಸ್ಟ್ರು ಯಾರಾರ ಕೂತಿದ್ದೀರಾ?"

ತಿರುಗಿ ನೋಡಿದೆ. ಕೆಂಪು ಕಾರು! ಬಸ್ಸು ನಿಂತಲ್ಲೆಲ್ಲ ನಿಲ್ಲುತ್ತದೆ, ಹೊರಟರೆ ಹೊರಡುತ್ತದೆ. ಬಾಣದ ಹಾಗೆ ಹೋಗಬೇಕಾದ ಗಾಡಿ ಬಸ್ಸಿನ ಹೊಗೆ ಕುಡಿಯುತ್ತ ತೆವಳುತ್ತಿದೆ. ಒಳಗೆ ಭಾವ ಒಬ್ಬರೇ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಓಡಿಬಂದು ಕಿಟಕಿಯಲ್ಲಿ ಬಿಸಿ ಬೋಂಡದ ಪೊಟ್ಟಣ ಚಾಚಿದರು. ಅಕ್ಕ ಎದುರಿನ ಹೂವಿನಂಗಡಿ ನೋಡುತ್ತಲೇ ಪೊಟ್ಟಣ ತೆಗೆದುಕೊಂಡಳು. ನಾನು ಕೆಳಗಿಳಿದು ಕೇಳಿದೆ, "ಬಸ್ ಇಂದೆ ಬರಕೂ ಟಾನಿಕ್ ಹಾಕಿದ್ದೀರಾ ಭಾವ?"

"ಹಾಕ್ದೆ ಇರಕಾಯ್ತದಾ ಕಣಮ್ಮಿ? ನಡುದಾರೀಲಿ ಬಸ್ ಕೆಟ್ರೆ ಅವ್ಳು ಏನ್ ಮಾಡಾಳು?"

ಇದು ಒಂದು ಭಾನುವಾರದ ಕತೆಯಲ್ಲ, ಪ್ರತಿ ಸಲವೂ ಹೀಗೇ ಎಂದು ಆಮೇಲೆ ಕಂಡಕ್ಟರೇ ಹೇಳಿದರು.

ಈಚೆಗೆ ಅಕ್ಕನಿಗೆ ಹೊಟ್ಟೆಯ ದೊಡ್ಡ ಆಪರೇಷನ್ನಾಯಿತು, ಕೊಯಮತ್ತೂರಿನಲ್ಲಿ. ಅಲ್ಲಿಗೂ ಅವಳು ಹೋದದ್ದು ಬಸ್ಸಿನಲ್ಲೇ, ಹಿಂದೆ ಕೆಂಪು ಕಾರು. ಆ ದಿನಗಳಲ್ಲಿ ಭಾವ ಟಾನಿಕ್ಕಿನ ಮಾತೆತ್ತಲಿಲ್ಲ. ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಕಾರಿನ ಕೀಲಿ ಹಿಡಿದು ಕೂತಿರುತ್ತಿದ್ದರು. ನನಗೆ ಅಕ್ಕನಿಗಿಂತ ಅವರನ್ನು ನೋಡಿಯೇ ಹೆಚ್ಚು ಭಯವಾಗುತ್ತಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು, "ಹೊಲಿಗೆ ಇನ್ನೂ ಹಸಿ, ದಾರಿಯಲ್ಲಿ ಜರ್ಕು ಹೊಡೆಯಬಾರದು" ಎಂದರು. ಟ್ಯಾಕ್ಸಿ ಕರೆಯುತ್ತೇನೆಂದು ನಾನು ಫೋನು ತೆಗೆದೆ.

"ಯಾರ್ದೋ ಕಾರ್ ಯಾಕಮ್ಮಿ?" ಎಂದಳು ಅಕ್ಕ, ಗೋಡೆ ಕಡೆ ನೋಡುತ್ತ. "ನಮ್ದೇ ಅದಲ್ಲ."

ಭಾವ ಮೆಟ್ಟಿಲು ಹಾರಿಕೊಂಡೇ ಇಳಿದರು. ನಾನು ಕೆಳಗೆ ಹೋಗುವಷ್ಟರಲ್ಲಿ ಒಂದೇ ಒಂದು ಮುಚ್ಚಳ ಅಳೆದು ಹಾಕಿ, ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದರು. ನಾನೇ ಸೆರಗು ಸಿಕ್ಕಿಸಿ ತೂಗಲು ಕೈ ಹಚ್ಚಿದೆ. ಅವರು ಆ ಕಡೆ, ನಾನು ಈ ಕಡೆ. ನರ್ಸುಗಳೆಲ್ಲ ಕಿಟಕಿಗೆ ಬಂದು ನಿಂತು ನಗುತ್ತಿದ್ದರು, ನಗಲಿ!

ದಿಂಬಂ ಘಾಟಿಯ ತಿರುವುಗಳನ್ನು ಭಾವ ಹತ್ತಿಸಿದ್ದನ್ನು ನೀವು ನೋಡಬೇಕಿತ್ತು. ಎಂಜಿನ್ನು ಒಂದು ಸಲವೂ ಹಲ್ಲು ಕಡಿಯಲಿಲ್ಲ. ಲಾರಿ, ಟೆಂಪೊ, ತರಕಾರಿ ತುಂಬಿದ ಆಟೊ, ಎಲ್ಲವೂ ನಮ್ಮನ್ನು ಹಿಂದೆ ಹಾಕಿ ಹೋದವು. ಅಕ್ಕ ಮುಂದಿನ ಸೀಟಿನಲ್ಲಿ ಒರಗಿ ನಿದ್ದೆ ಹೋಗಿದ್ದಳು. ಪುಣಜನೂರಿನ ಹತ್ತಿರ ಬಸ್ಸೊಂದು ಜೋರಾಗಿ ಹಾರನ್ ಹೊಡೆದು ಮುಂದೆ ಹೋಯಿತು. ಅಕ್ಕ ಕಣ್ಣು ಬಿಟ್ಟಳು.

"ರೀ, ಬಸ್ಸು ಮುಂದೋಯ್ತಲ್ರೀ. ಟಾನಿಕ್ ಹಾಕಿರದು ಯಾಕೆ ಮತ್ತೆ? ಇಂದಾಕಿ ಅದ್ನ!"

ಭಾವ ಒಂದು ಕೈಯಲ್ಲಿ ಅವಳ ಶಾಲು ಸರಿಮಾಡಿದರು.

"ಓಗ್ಲಿ ಬುಡು ಕಣೆ. ಆ ಬಸ್ಸಲ್ಲಿ ಈಗ ನಮ್ಮೋರು ಯಾರೂ ಇಲ್ಲ."