ಐದು ಮಾರಿನ ಕೊಂಬೆ

ಅರಸೀಕೆರೆಯ ನಮ್ಮ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟುವ ಧೈರ್ಯ ಇದ್ದದ್ದು ಇಬ್ಬರಿಗೆ: ಧೂಳು ಒರೆಸುವ ಜವಾನನಿಗೆ ಮತ್ತು ಗಣಿತದ ಮೇಷ್ಟ್ರಾದ ನನಗೆ. ಅವನು ಒರೆಸಿ ಸುಮ್ಮನಾದ. ನಾನು ಸುಮ್ಮನಾಗಲಿಲ್ಲ! ಕಾಂಡದ ಸುತ್ತಳತೆ, ಕೊಂಬೆಗಳ ಉದ್ದ, ಕವಲೊಡೆಯುವ ಕೋನ, ಮರದ ವಯಸ್ಸು, ಇಷ್ಟು ಕೊಟ್ಟರೆ ಮರದ ಚಿತ್ರ ಬರೆದು, ಮುಂದೆ ಅದು ಹೇಗೆ ಬೆಳೆಯುತ್ತದೆಂದು ತೋರಿಸುವ ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ಹಸಿರು ಗೆರೆಗಳು ಕವಲೊಡೆದಾಗ, ಬ್ರಹ್ಮನಿಗೂ ನನಗೂ ಸಂಬಳದಲ್ಲಷ್ಟೇ ವ್ಯತ್ಯಾಸ ಅನ್ನಿಸಿತು.

ಹಾರನಹಳ್ಳಿಯಲ್ಲಿ ನಮ್ಮ ಅತ್ತೆ ಗೌರಮ್ಮನವರ ಮನೆ ಮುಂದೆ ಒಂದು ಹಲಸಿನ ಮರವಿತ್ತು. ನನ್ನ ಹೆಂಡತಿ ಗಿರಿಜಳ ಅಣ್ಣ ಶಿವು, ಏಳು ವರ್ಷದವನಿದ್ದಾಗ, ಹಣ್ಣು ತಿಂದು ಬೀಜ ಹೂತಿದ್ದನಂತೆ. ಸಸಿ ನಾಲ್ಕೆಲೆ ಬಿಡುವಷ್ಟರಲ್ಲಿ ಜ್ವರ ಬಂದು ಅವನು ಹೋಗಿಬಿಟ್ಟ. ಅಲ್ಲಿಂದ ನಲವತ್ತು ವರ್ಷ ಅತ್ತೆಯವರು, “ಸಿವೂಗೆ ನೀರು ಹಾಕ್ಬತ್ತೀನಿ” ಎಂದೇ ಚೊಂಬು ಹಿಡಿದು ಹೊರಗೆ ಹೋಗುತ್ತಿದ್ದರು. ಮನೆಯಲ್ಲಿ ಯಾರೂ ಆ ಮಾತನ್ನು ತಿದ್ದುತ್ತಿರಲಿಲ್ಲ.

ಪಕ್ಕದಲ್ಲೇ ಪ್ರೈಮರಿ ಸ್ಕೂಲು. ಕೊಂಬೆ ಮಕ್ಕಳ ಮೇಲೆ ಬಿದ್ದೀತೆಂದು ಯಾರೋ ಅರ್ಜಿ ಕೊಟ್ಟರು. ಪಂಚಾಯ್ತಿಯ ಇಂಜಿನಿಯರ್ ಬಂದು ನೋಡಿ, “ಸ್ಕೂಲ್ ಕಡೆಗಿರೋ ಎರಡು ಕೊಂಬೆ ತೆಗೆಸೋಣಮ್ಮ, ಮರ ಇರಲಿ” ಎಂದರು. ಅತ್ತೆ ಕಣ್ಣೊರೆಸಿಕೊಂಡು ಒಪ್ಪಿದರು. ಒಪ್ಪದವನು ನಾನೊಬ್ಬನೇ!

“ಎರಡು ಕೊಂಬೆಯಾದ್ರೂ ಯಾಕೆ ಕಡೀಬೇಕು? ಇನ್ನು ಹತ್ತು ವರ್ಷ ಹೋದ್ರೂ ಅದು ಸ್ಕೂಲ್ ಮುಟ್ಟಲ್ಲ ಅಂತ ಕಂಪ್ಯೂಟರಲ್ಲೇ ತೋರಿಸ್ತೀನಿ!”

“ರೀ, ಅಮ್ಮನೇ ಒಪ್ಪಿದಾಳೆ. ನೀವು ಸುಮ್ನಿರಿ” ಎಂದಳು ಗಿರಿಜಾ.

ಅತ್ತೆ ಮಾತ್ರ ನನ್ನ ಮುಖವನ್ನೇ ನೋಡಿದರು. “ನಿಜವಾಗ್ಲೂ ಒಂದು ಕೊಂಬೆನೂ ಕಡಿಯೋದಿಲ್ವಾ ಅಳಿಯಂದ್ರೇ?”

“ಒಂದೂ ಇಲ್ಲ ಅತ್ತೆ!”

ಕಾಂಡವನ್ನು ಟೇಪಿನಲ್ಲಿ ನಾನೇ ಅಳೆದೆ. ಕೊಂಬೆ ಅಳೆಯಲು ತೆಂಗಿನಕಾಯಿ ಕೀಳುವ ರಂಗಪ್ಪನನ್ನು ಹತ್ತಿಸಿದೆ. ಟೇಪು ಕೊಟ್ಟರೆ ಅವನು ಮುಟ್ಟಲಿಲ್ಲ.

“ಅದನ್ನ ಹಿಡ್ಕೊಂಡು ಕೊಂಬೆ ಮೇಲೆ ಹೋಗಾಕಾಯ್ತದಾ ಮೇಷ್ಟ್ರೇ? ಹೂ ಅಳೆಯಂಗೆ ಮಾರಲ್ಲಿ ಅಳೀತೀನಿ, ಬರ್ಕಳಿ.”

ಎರಡೂ ಕೈ ಚಾಚಿದರೆ ಒಂದು ಮಾರು. ಲೆಕ್ಕಕ್ಕೆ ಆರು ಅಡಿ. ಸ್ಕೂಲ್ ಕಡೆಯ ದೊಡ್ಡ ಕೊಂಬೆಯ ಎಲೆಗಳ ನಡುವಿನಿಂದ “ಐದು ಮಾರು!” ಎಂಬ ಕೂಗು ಬಂತು. ಕೆಳಗೆ ನಾನು ಮೂವತ್ತು ಅಡಿ ಎಂದು ಬರೆದುಕೊಂಡೆ.

ಅಂಕಿಗಳನ್ನೂ ಸ್ಕೂಲಿನ ಗೋಡೆಯ ದೂರವನ್ನೂ ಕಂಪ್ಯೂಟರಿಗೆ ತುಂಬಿ ಗಿರಿಜಳಿಗೆ ತೋರಿಸಿದೆ. “ನಮ್ಮ ಮರ ಇಷ್ಟು ಅಗಲ ಇದ್ಯೇನ್ರೀ?” ಎಂದಳು.

“ಕಣ್ಣು ಮೋಸ ಮಾಡುತ್ತೆ ಕಣೇ. ಅಂಕಿ ಮಾಡಲ್ಲ” ಎಂದು ಗಂಭೀರವಾಗಿ ಉತ್ತರಿಸಿದೆ.

ಇಂಜಿನಿಯರನ್ನು ಕಾಲೇಜಿಗೆ ಕರೆದು, ಬಿಸ್ಕತ್ತು ಕೊಟ್ಟು, ಪರದೆಯ ಮುಂದೆ ಕೂರಿಸಿದೆ. ಮುಂದಿನ ವರ್ಷಗಳ ಲೆಕ್ಕಕ್ಕೆ ಆ ಯಂತ್ರ ಅರ್ಧ ಗಂಟೆ ತಿನ್ನುತ್ತಿದ್ದದ್ದರಿಂದ ನಾನೂ ಮೊದಲೇ ನೋಡಿರಲಿಲ್ಲ. ನೋಡುವ ಅಗತ್ಯವಾದರೂ ಏನಿತ್ತು? ನಾನೇ ಬರೆದದ್ದಲ್ಲವೇ!

ಮರ ಬೆಳೆಯಿತು. ಐದನೇ ವರ್ಷಕ್ಕೆ ಕೊಂಬೆ ಸ್ಕೂಲಿನ ಗೋಡೆ ದಾಟಿತು. ಹತ್ತನೇ ವರ್ಷಕ್ಕೆ ಹೆಂಚಿನ ಮೇಲೆ ಹರಡಿಕೊಂಡು, ಇನ್ನೂ ನಾಲ್ಕು ಕೊಂಬೆಗಳನ್ನು ಜೊತೆಗೆ ಕರೆದುಕೊಂಡು ಬಂತು.

ಇಂಜಿನಿಯರ್ ಬಿಸ್ಕತ್ತು ಕೆಳಗಿಟ್ಟರು. “ಒಳ್ಳೇದಾಯ್ತು ತೋರಿಸಿದ್ದು, ಸಾರ್. ನಾನು ಬರೀ ಎರಡು ಕೊಂಬೆ ಅಂದ್ಕೊಂಡಿದ್ದೆ. ಇದನ್ನ ಬುಡಕ್ಕೇ ತೆಗೀಬೇಕು.”

ಎಲ್ಲೋ ತಪ್ಪಿದೆ, ಮತ್ತೆ ಅಳೆಯುತ್ತೇನೆ ಎಂದು ಗೋಗರೆದೆ. “ಅಂಕಿ ಅಂಶ ನಿಮ್ಮದೇ ಅಲ್ವಾ?” ಎಂದು ನಗುತ್ತಲೇ ಎದ್ದರು. ಮೂರನೇ ದಿನ ನಾನು ಟೇಪು ಹಿಡಿದು ಹಾರನಹಳ್ಳಿಯಲ್ಲಿ ಬಸ್ಸಿಳಿಯುವಷ್ಟರಲ್ಲಿ ಮರ ನೆಲದ ಮೇಲಿತ್ತು. ಅತ್ತೆ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನೀರಿನ ಚೊಂಬಿತ್ತು. ನನಗೆ ಅಳು ಬಂತು.

ಆದರೂ ಮೇಷ್ಟ್ರ ಬುದ್ಧಿ ನೋಡಿ. ಬಿದ್ದ ಕೊಂಬೆಗೆ ಟೇಪು ಹಿಡಿದೆ. ಹದಿನಾಲ್ಕು ಅಡಿ! ನಿಂತಿದ್ದರೆ ಸ್ಕೂಲಿನ ಗೋಡೆ ಅದಕ್ಕೆ ಇನ್ನೂ ಹದಿನೆಂಟು ಅಡಿ ದೂರ. ಗರಗಸದವರ ಜೊತೆ ನಿಂತಿದ್ದ ರಂಗಪ್ಪನನ್ನು ಕರೆದೆ.

“ಐದು ಮಾರು ಅಂದ್ಯಲ್ಲಪ್ಪಾ?”

“ಹೂಂ ಮೇಷ್ಟ್ರೇ, ಐದೇ” ಎಂದು ಒಂದು ಕೈ ಚಾಚಿ ತೋರಿಸಿದ. “ಮರದ ಮೇಲೆ ಎಲ್ಡು ಕೈನೂ ಬಿಟ್ರೆ ಬಿದ್ದೋಗಲ್ವಾ? ಒಂದ್ರಲ್ಲಿ ಕೊಂಬೆ ಹಿಡ್ಕೊಂಡು ಒಂದ್ರಲ್ಲೇ ಅಳ್ದೆ.”

ಅವನದೇನು ತಪ್ಪು? ಮರದ ಮೇಲಿರುವವನಿಗೆ ಒಂದೇ ಕೈ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನಾನು ಅಲ್ಲೇ ಕೊಂಬೆಯ ಮೇಲೆ ಕೂತೆ. ಅತ್ತೆ ಎದ್ದು ಬಂದು, ನನ್ನ ಕೈಯಲ್ಲಿದ್ದ ಟೇಪನ್ನು ನೋಡಿದರು.

“ಈಗ ಲೆಕ್ಕ ಸರಿಯಾಗಿ ಬಂತಾ ಅಳಿಯಂದ್ರೇ?”

“ಬಂತು ಅತ್ತೆ.”

“ಸರಿ, ಒಳಗೆ ಬನ್ನಿ. ಬಿಸ್ಲು ಐತೆ.”

ನಲವತ್ತು ವರ್ಷದಲ್ಲಿ ಆ ಅಂಗಳದಲ್ಲಿ ನಿಂತು ಅವರು ಯಾರಿಗೂ ಬಿಸಿಲಿದೆ ಎಂದು ಹೇಳಬೇಕಾಗಿ ಬಂದಿರಲಿಲ್ಲ. ಹೇಳಿಸಿದ ಕೀರ್ತಿ ಪೂರ್ತಿಯಾಗಿ ನನ್ನದೇ!